ನೀಲವ್ವ ಕೇಳದೆ ಹೋದ ಮೂರನೇ ಭಾಗ

ಎಲ್ಲ ಗೊತ್ತಾದ ಮೇಲೂ ನಾನು ಆ ಪುಸ್ತಕವನ್ನು ಹನ್ನೊಂದು ದಿನ ನನ್ನ ಬೀರುವಿನಲ್ಲೇ ಇಟ್ಟುಕೊಂಡಿದ್ದೆ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಹಿಂದಿನದು ಮುಂದಿನದು ಹೇಳುತ್ತ ಹೋದರೆ ಈ ಒಂದು ವಾಕ್ಯ ನಡುವೆ ಎಲ್ಲೋ ಅಡಗಿ ಕೂತುಬಿಡುತ್ತದೆ — ಅಡಗಿಸುವ ಕೆಲಸ ನನಗೆ ಎಷ್ಟು ಸುಲಭ ಎಂಬುದು ಈಗ ನನಗೇ ಗೊತ್ತು. ಎರಡು ವರ್ಷವಾಯಿತು. ಇದನ್ನು ಮೊದಲು ಓದಬೇಕಾದವರು ಒಬ್ಬರಿದ್ದಾರೆ. ಅವರ ನಂತರ ಯಾರು ಬೇಕಾದರೂ ಓದಲಿ.

ನಾನು ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಕೊನೆಯ ಎಂಟು ವರ್ಷ ಮುಖ್ಯೋಪಾಧ್ಯಾಯಿನಿ. ನಮ್ಮೂರು ಗುಡಗೇರಿಯ ಬಾಜು, ಹೆಸರು ಬೇಡ. ಐದಕ್ಕೆ ಏಳುವುದು, ಆರಕ್ಕೆ ನಡೆಯಲು ಹೋಗುವುದು, ಏಳೂವರೆಗೆ ರೊಟ್ಟಿ, ಎಂಟೂವರೆಗೆ ಕೆಲಸ — ನಿವೃತ್ತಿಯಾದ ಮೇಲೂ ಇದು ತಪ್ಪಲಿಲ್ಲ. ಕೆಲಸ ಬೇಕಲ್ಲ ಎಂದು ಮನೆಯ ಮುಂದಿನ ಕೋಣೆಯಲ್ಲಿ, ಹಿಂದೆ ಹತ್ತಿ ಒಟ್ಟುತ್ತಿದ್ದ ಕೋಣೆಯಲ್ಲಿ, ವಾಚನಾಲಯ ತೆರೆದೆ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದು, ಸಂಜೆ ನಾಲ್ಕರಿಂದ ಆರು. ಕೃಷಿಗೆ ಹಸಿರು ಚೀಟಿ, ಧರ್ಮಕ್ಕೆ ಹಳದಿ, ಮಕ್ಕಳಿಗೆ ಕೆಂಪು. ಗೋಡೆಯ ಮೇಲೆ ನನ್ನ ಕೈಯಲ್ಲೇ ಬರೆದ ನಿಯಮಗಳು. ನಾಲ್ಕನೆಯದು ಹೀಗಿತ್ತು: ಕೆಂಪು ಚೀಟಿಯ ಪುಸ್ತಕಗಳನ್ನು ಹದಿನಾಲ್ಕು ವಯಸ್ಸು ದಾಟಿದವರಿಗೆ ಕೊಡಲಾಗುವುದಿಲ್ಲ. ಆ ನಿಯಮದ ಬಗ್ಗೆ ನನಗೆ ಹೆಮ್ಮೆಯಿತ್ತು. ಪ್ರತಿ ವಯಸ್ಸಿಗೂ ಅದರದೇ ಪುಸ್ತಕ. ಒಂದನೇ ತರಗತಿಯ ಪಾಟಿಯನ್ನು ಏಳನೇ ತರಗತಿಯವನ ಕೈಗೆ ಕೊಡುತ್ತೇವೆಯೇ?

ಧಾರವಾಡದ ಪರಿಚಯದವರೊಬ್ಬರು ಮನೆ ಬದಲಿಸುವಾಗ ಒಂದು ಪೆಟ್ಟಿಗೆ ಪುಸ್ತಕ ಕೊಟ್ಟರು. ಅದರಲ್ಲಿ ಮೂರು ಭಾಗಗಳ ಒಂದು ಕಾಲ್ಪನಿಕ ಕಥೆಯಿತ್ತು. ಬೇಸಿಗೆಯಲ್ಲಿ ಎರೆಹೊಲದ ಕಪ್ಪು ಮಣ್ಣು ಬಿರಿದಾಗ ಹೊನ್ನಿ ಎಂಬ ಹುಡುಗಿ ಬಿರುಕಿನೊಳಗೆ ಇಳಿಯುತ್ತಾಳೆ. ಕೆಳಗೆ ಒಂದು ಊರು. ಮೇಲೆ ನಾವು ಕಳೆದುಕೊಂಡ ದನಿಗಳೆಲ್ಲ ಆ ಊರಿಗೆ ಬೀಳುತ್ತವೆ, ಅಲ್ಲಿಯ ಜನ ಅವನ್ನು ಗಡಿಗೆಗಳಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಾರೆ. ಹೊನ್ನಿಯ ಅಜ್ಜಿ ಒಂದು ಮುಂಜಾನೆ ದನಿಯಿಲ್ಲದೆ ಎದ್ದಿದ್ದಾಳೆ. ಅದನ್ನು ಹುಡುಕಿ ತರಲು ಹುಡುಗಿ ಹೊರಟಿದ್ದಾಳೆ. ಇದನ್ನೆಲ್ಲ ನಾನು ಆಮೇಲೆ ತಿಳಿದದ್ದು. ಆಗ ಮೊದಲ ಪುಟ ನೋಡಿದೆ, ಹುಡುಗಿ ಬಿರುಕಿನಲ್ಲಿ ಕಾಲಿಡುವುದು ಕಂಡಿತು, ಮುಚ್ಚಿದೆ. ಬಿರುಕಿನಲ್ಲಿ ಹಾವಿರುತ್ತದೆ, ಊರಿರುವುದಿಲ್ಲ. ಕೆಂಪು ಚೀಟಿ ಅಂಟಿಸಿ ಕೆಳಗಿನ ಸಾಲಿನಲ್ಲಿಟ್ಟೆ.

ಅದನ್ನು ಮೊದಲು ಒಯ್ದವರು ಫಕ್ಕೀರಪ್ಪನವರು. ರೈಲುಹಳಿಯ ಗ್ಯಾಂಗಮನ್ ಆಗಿ ನಿವೃತ್ತರಾದವರು, ನನಗಿಂತ ಎರಡು ವರ್ಷ ದೊಡ್ಡವರು. ಹಳಿಯ ಮೇಲೆ ಸುತ್ತಿಗೆ ಬಡಿದು ದನಿಯಿಂದಲೇ ಸಡಿಲ ಎಲ್ಲಿದೆ ಎಂದು ಹೇಳುತ್ತಿದ್ದ ಮನುಷ್ಯ. ನಿಯಮ ತೋರಿಸಿದೆ. ಮೊಮ್ಮಗಳಿಗೆ ಬೇಕು, ಆಕೆಯ ಹೆಸರಿನಲ್ಲಿ ಬರೆದುಕೊಳ್ಳಿ ಎಂದರು. ಮೊಮ್ಮಗಳು ಗದಗಿನಲ್ಲಿ ಓದುತ್ತಿದ್ದಳು, ಪಂಚಮಿಗೆ ಬಿಟ್ಟರೆ ಊರಿಗೆ ಬರುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಆದರೂ ಬರೆದುಕೊಂಡೆ, ಕಾಗದದ ಮೇಲೆ ನಿಯಮ ಸರಿಯಾಗಿತ್ತಲ್ಲ. ಮೊದಲ ಭಾಗ ಒಯ್ದು ತಂದರು, ಎರಡನೆಯದು ಒಯ್ದರು.

ಅಷ್ಟರಲ್ಲಿ ಊರಿನಲ್ಲಿ ಒಂದು ಘಟನೆ ನಡೆಯಿತು. ಫಕ್ಕೀರಪ್ಪನವರು ತಂದಿಟ್ಟ ಮೊದಲ ಭಾಗವನ್ನು ನಾಲ್ಕನೇ ತರಗತಿಯ ಹುಡುಗಿಯರು ಸರದಿಯ ಮೇಲೆ ಓದಿದ್ದರು. ಕೆಳಗಿನ ಊರಿನವರಿಗೆ ಚೀಟಿ ಬರೆದು ಹೊಲದ ಬಿರುಕುಗಳಲ್ಲಿ ಹಾಕತೊಡಗಿದರು. ಒಬ್ಬಳು ಚೀಟಿಯ ಜೊತೆಗೆ ಕಾಣಿಕೆ ಇರಲೆಂದು ತಾಯಿಯ ಕಿವಿಯ ಓಲೆಯನ್ನೂ ಹಾಕಿಬಿಟ್ಟಳು. ತಾಯಿ ಸಲಿಕೆ ಹಿಡಿದು ಸಂಜೆಯವರೆಗೆ ಅಗೆದಳು. ಬಿರುಕು ಆಳ ಹೋದಷ್ಟೂ ಸೊಟ್ಟ ಹೋಗುತ್ತದೆ; ಓಲೆ ಸಿಗಲಿಲ್ಲ. ಮರುದಿನ ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಮೂವರು ತಾಯಂದಿರು ವಾಚನಾಲಯಕ್ಕೆ ಬಂದು ನಿಂತರು.

“ಅಕ್ಕೋರ, ಓದಾಕ ಕೊಟ್ಟಾಕಿ ನೀವು. ಈಗ ಬಿರಕಿನ್ಯಾಗ ಇಳದ ನನ್ನ ವಾಲಿ ತರಾಕಿನೂ ನೀವ.”

ಊರಿನಲ್ಲಿ ನನ್ನ ಎದುರು ನಿಂತು ಹಾಗೆ ಮಾತಾಡಿದವರು ಅದಕ್ಕೂ ಮೊದಲು ಯಾರೂ ಇರಲಿಲ್ಲ. ಆ ಪುಸ್ತಕ ಇನ್ನು ಇಲ್ಲಿ ಕಣ್ಣಿಗೆ ಬೀಳುವುದಿಲ್ಲ ಎಂದು ಮಾತು ಕೊಟ್ಟೆ. ಮೂರನೇ ಭಾಗವನ್ನು ಅವರ ಎದುರೇ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟು ಅದರ ಮೇಲೆ ರಿಜಿಸ್ಟರ್ ಇಟ್ಟೆ. ಆಗಲೇ ಫಕ್ಕೀರಪ್ಪನವರು ಬಾಗಿಲಲ್ಲಿ ಬಂದು ನಿಂತರು. ಎರಡನೇ ಭಾಗ ಹಿಂದಕ್ಕೆ ಕೊಟ್ಟು, ಮೂರನೆಯದು ಇದೆಯೇನ್ರಿ ಎಂದು ಕೇಳಿದರು.

“ಮೂರನೇದ ಬಂದಿಲ್ರಿ” ಅಂದೆ.

ರಿಜಿಸ್ಟರಿನ ಕೆಳಗಿತ್ತು ಅದು. ನನ್ನ ಮೊಣಕೈ ಅದರ ಮೇಲಿತ್ತು.

ಕೊಡುವುದಿಲ್ಲ ಎಂದಿದ್ದರೆ ಏಕೆ ಎಂದು ಕೇಳುತ್ತಿದ್ದರು, ಮಾತು ಬೆಳೆಯುತ್ತಿತ್ತು, ಆ ತಾಯಂದಿರು ಇನ್ನೊಮ್ಮೆ ಶುರು ಮಾಡುತ್ತಿದ್ದರು, ಬಾಗಿಲು ಹಾಕುವ ಹೊತ್ತೂ ಆಗಿತ್ತು. ಇವೆಲ್ಲ ಕಾರಣಗಳು. ಬರೆದು ನೋಡಿದರೆ ಎಷ್ಟು ಸಣ್ಣವು — ಬಂದಿಲ್ಲ ಎನ್ನುವುದು ಎಲ್ಲಕ್ಕಿಂತ ಬೇಗ ಮುಗಿಯುವ ಮಾತಾಗಿತ್ತು, ಅಷ್ಟೇ. ಮೂರೂ ಭಾಗಗಳನ್ನು ಒಳಮನೆಯ ಬೀರುವಿನಲ್ಲಿಟ್ಟು ಕೀಲಿ ಹಾಕಿದೆ.

ಅವರು ಮತ್ತೆ ಮೂರು ಸಲ ಬಂದರು. ಮೂರು ಸಲವೂ ಅದೇ ಉತ್ತರ. ಕೊನೆಯ ಸಲ ಪತ್ರಿಕೆ ಓದುವ ಗಂಡಸರು ನಾಲ್ಕೈದು ಜನ ಕೂತಿದ್ದರು. ನನಗೆ ಬೇಸರ ಬಂದಿತ್ತು. ಅದಕ್ಕಿಂತ, ಸುಳ್ಳನ್ನು ಮತ್ತೆ ಮತ್ತೆ ಹೇಳಿಸುತ್ತಾರಲ್ಲ ಎಂದು ಅವರ ಮೇಲೆಯೇ ಸಿಟ್ಟು.

“ಎಪ್ಪತ್ತ ದಾಟ್ಯಾವ. ಇನ್ನೂ ಮಣ್ಣಾಗಿನ ಊರ ಹುಡುಕ್ತೀರೇನ್ರಿ? ಒಂದ ಚಲೋ ಪುಸ್ತಕ ಓದ್ರಿ, ನಾಲ್ಕ ಮಂದಿ ನೋಡಿ ನಗಬಾರದು” ಅಂದೆ. ನಾಲ್ಕು ಮಂದಿ ಆಗಲೇ ನಗುತ್ತಿದ್ದರು.

ಫಕ್ಕೀರಪ್ಪನವರೂ ನಕ್ಕರು. “ಹುಡುಕಾಕಿ ನಾ ಅಲ್ರಿ ಅಕ್ಕೋರ” ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೋದರು. ಹುಡುಕುವಾಕೆ ಯಾರು ಎಂದು ನಾನು ಕೇಳಲಿಲ್ಲ. ಮೂವತ್ತಾರು ವರ್ಷ ಪ್ರಶ್ನೆ ಕೇಳಿ ಬದುಕಿದವಳು — ಆ ಒಂದು ಪ್ರಶ್ನೆ ಕೇಳಲಿಲ್ಲ.

ಮೇ ತಿಂಗಳ ಕೊನೆಯ ವಾರ ಇರಬೇಕು, ರವಿವಾರ. ನೀರಿನ ಪೈಪಿಗೆಂದು ನಮ್ಮ ದೊಡ್ಡ ರಸ್ತೆ ಅಗೆದಿದ್ದರಿಂದ ಹಿಂದಿನ ಓಣಿಯಿಂದ ನಡೆಯಲು ಹೋಗಿದ್ದೆ. ಒಂದು ಮನೆಯ ಕಿಟಕಿಯಿಂದ ಗಂಡಸಿನ ದನಿ ಕೇಳಿತು, ಕಥೆ ಹೇಳುವ ದನಿ. ಎರಡು ಮಾತಿಗೊಮ್ಮೆ ನಿಲ್ಲುತ್ತಿತ್ತು. ನಿಂತಾಗ ಒಂದು ಹೆಣ್ಣು ದನಿ, ಬಹಳ ನಿಧಾನಕ್ಕೆ, ಹ್ಞೂಂ ಅನ್ನುತ್ತಿತ್ತು.

ನಮ್ಮ ಕಡೆ ಕಥೆ ಕೇಳುವವರು ಹ್ಞೂಂಗುಟ್ಟಬೇಕು. ಹ್ಞೂಂ ಬಂದರೆ ಕಥೆ ಮುಂದೆ. ಬರದಿದ್ದರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಚಿಕ್ಕಂದಿನಲ್ಲಿ ನಾನೂ ಹ್ಞೂಂಗುಟ್ಟಿದವಳೇ. ಆದರೆ ಮುಂಜಾನೆ ಆರೂಕಾಲಿಗೆ, ವಯಸ್ಸಾದವರ ಮನೆಯಲ್ಲಿ? ನಾನು ನಿಂತೆ. ಫಕ್ಕೀರಪ್ಪನವರು ಕಿಟಕಿಯಲ್ಲಿ ನನ್ನನ್ನು ನೋಡಿ ಬರ್ರಿ ಎಂದು ಒಳಗೆ ಕರೆದರು.

ಮಂಚದ ಮೇಲೆ ಅವರ ಹೆಂಡತಿ ನೀಲವ್ವ ದಿಂಬಿಗೆ ಒರಗಿದ್ದಳು. ಸಂಕ್ರಾಂತಿಯ ಹೊತ್ತಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿದ್ದವು, ಮಾತು ನಿಂತಿತ್ತು. ಕಾಯಿಲೆ ಎಂದು ಕೇಳಿದ್ದೆ, ಇಷ್ಟೆಂದು ತಿಳಿದಿರಲಿಲ್ಲ. ಫಕ್ಕೀರಪ್ಪನವರ ಕೈಯಲ್ಲಿ ಅಂಬಲಿಯ ಬಟ್ಟಲು. ಅವರು ಹೇಳಿದ್ದು ಇಷ್ಟು: ಮಾತು ಹೋದ ಮೇಲೆ ಆಕೆ ಊಟಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಭಜನೆ ಹಾಕಿದರು, ಪುರಾಣ ಓದಿದರು, ಮುಖ ತಿರುಗಿಸಿದಳು. ಒಂದು ದಿನ ಹೊತ್ತು ಹೋಗಲೆಂದು ಹೊನ್ನಿಯ ಕಥೆ ಓದಿದಾಗ, ಅಜ್ಜಿಯ ದನಿ ಬಿರುಕಿನಲ್ಲಿ ಬಿತ್ತು ಎಂಬಲ್ಲಿ ಮಂಚದಿಂದ ಹ್ಞೂಂ ಎಂದು ಕೇಳಿತು. ಮಾತು ಹೋದ ಮೇಲೆ ಆಕೆಯ ಬಾಯಿಂದ ಬಂದ ಮೊದಲ ಸದ್ದು. ಅಂದಿನಿಂದ ಒಂದು ಹ್ಞೂಂ, ಒಂದು ಚಮಚ ಅಂಬಲಿ. ಪುಸ್ತಕ ನನಗೆ ಹಿಂದಿರುಗಿಸಿದ ಮೇಲೆ ಎರಡೂ ಭಾಗಗಳನ್ನು ನೆನಪಿನಿಂದಲೇ ಹೇಳುತ್ತಿದ್ದರು. ಇದು ನಾಲ್ಕನೇ ಸುತ್ತು. ಎರಡನೇ ಭಾಗದ ಕೊನೆಯಲ್ಲಿ ಹೊನ್ನಿ ಗಡಿಗೆಗಳಿರುವ ಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ. ಅಲ್ಲಿಗೆ ಬಂದಾಗಲೆಲ್ಲ ನೀಲವ್ವ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯುತ್ತಾಳೆ. ಮುಂದೆ, ಮುಂದೆ ಎಂದು.

ಹೇಳುತ್ತ ಫಕ್ಕೀರಪ್ಪನವರು ಹೆಂಡತಿಯ ಕಡೆ ತಿರುಗಿದರು. “ನೋಡಬೇ, ನಾ ಏನ್ ಮುಚ್ಚಿಟ್ಟೇನಿ ಅಂತ ನನ್ನ ಮ್ಯಾಲೆ ಸಿಟ್ಟಾಕ್ಕೀದಿ. ಅಕ್ಕೋರ ಬಂದಾರ. ಅವರ ಬಾಯಿಲೇ ಕೇಳು.”

ನೀಲವ್ವ ನನ್ನನ್ನು ನೋಡಿದಳು. ಮುಖದ ಒಂದು ಬದಿ ಸೋತಿತ್ತು, ಕಣ್ಣು ಸೋತಿರಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಹೇಳಿದೆ — “ಇನ್ನೂ ಬಂದಿಲ್ಲವ್ವ.”

ಎಲ್ಲ ತಿಳಿದಿತ್ತು. ಆ ಬಟ್ಟಲು, ಆ ಚಮಚ ನನ್ನ ಎದುರಿಗಿತ್ತು. ಮನೆ ನೂರು ಹೆಜ್ಜೆ ದೂರ, ಬೀರುವಿನ ಕೀಲಿ ನನ್ನ ಸೊಂಟದಲ್ಲೇ ಇತ್ತು. ಇದೆ, ಈಗಲೇ ತರುತ್ತೇನೆ ಎನ್ನಬಹುದಿತ್ತು. ಎಂದಿದ್ದರೆ, ನಾಲ್ಕು ಸಲ ಸುಳ್ಳು ಹೇಳಿದ ಅಕ್ಕೋರು ಆಗುತ್ತಿದ್ದೆ. ಅಷ್ಟನ್ನು ತಾಳಲಾರದೆ ಐದನೇ ಸಲ ಹೇಳಿದೆ, ಮಾತಿಲ್ಲದ ಹೆಂಗಸಿನ ಮುಖ ನೋಡಿಕೊಂಡು.

ಮನೆಗೆ ಬಂದು ಯೋಚನೆ ಮಾಡಿದೆ. ಪುಸ್ತಕ ಕೊಡಲೇಬೇಕು, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಹೇಗೆ ಬಂತು ಎನ್ನಬೇಕು? ಹುಬ್ಬಳ್ಳಿಯಲ್ಲಿ ಕೊಂಡೆ ಎನ್ನಬಹುದು. ನಾನು ಹುಬ್ಬಳ್ಳಿಗೆ ಹೋಗುವುದು ತಿಂಗಳ ಎರಡನೇ ಶನಿವಾರ, ಊರಿಗೆಲ್ಲ ಗೊತ್ತಿರುವ ಮಾತು. ನಡುವೆ ಹೋದರೆ ಏನು ವಿಶೇಷ ಎಂದು ಬಸ್ಸಿನಲ್ಲಿ ಹತ್ತು ಜನ ಕೇಳುತ್ತಾರೆ. ಎರಡನೇ ಶನಿವಾರಕ್ಕೆ ಹದಿಮೂರು ದಿನವಿತ್ತು. ಕಾಯಬಹುದು ಎಂದುಕೊಂಡೆ. ಕೆಂಪು ಚೀಟಿಯನ್ನು ಒದ್ದೆ ಬಟ್ಟೆಯಿಂದ ತೆಗೆದೆ, ನನ್ನ ಮುದ್ರೆಯಿದ್ದ ಪುಟಕ್ಕೆ ಬಿಳಿ ಕಾಗದ ಅಂಟಿಸಿದೆ, ಹೊಸ ರಟ್ಟು ಹಾಕಿದೆ. ಎಷ್ಟು ಅಚ್ಚುಕಟ್ಟಾಗಿ ಮಾಡಿದೆ! ಒಬ್ಬಳು ಅಂಬಲಿಗೆ ಬಾಯಿ ತೆರೆಯಲು ಕಾಯುತ್ತಿದ್ದಳು, ನಾನು ಅಂಚು ಸಮ ಕತ್ತರಿಸುತ್ತಿದ್ದೆ.

ರಟ್ಟು ಹಾಕುವಾಗ ಒಂದು ಪುಟ ಓದಿದೆ. ಸುಮ್ಮನೆ, ಪುಟಗಳು ಸರಿಯಿವೆಯೇ ನೋಡಲು. ಬೆಳಿಗ್ಗೆ ಎಂಟರ ಹೊತ್ತು. ಹೊನ್ನಿ ಗಡಿಗೆಮನೆಯ ಒಳಗಿದ್ದಳು. ಸಾವಿರಾರು ಗಡಿಗೆ. ಕಾವಲಿನ ಮುದುಕ ಹೇಳುತ್ತಾನೆ: ದನಿ ಯಾರದೋ ಅವರ ಹೆಸರು ಹಿಡಿದು ಕೂಗು, ಗಡಿಗೆ ತಾನೇ ಓಗೊಡುತ್ತದೆ. ಹೊನ್ನಿ ಬಾಯಿ ತೆರೆಯುತ್ತಾಳೆ — ಅಜ್ಜಿಯ ಹೆಸರೇ ಆಕೆಗೆ ಗೊತ್ತಿಲ್ಲ. ಹುಟ್ಟಿದಾಗಿನಿಂದ ಅಜ್ಜಿ ಎಂದಷ್ಟೇ ಕರೆದಿದ್ದಾಳೆ. ನಾನು ನಿಂತವಳು ಕೂತೆ. ಯಾರೋ ಬಾಗಿಲು ಬಡಿಯುತ್ತಿದ್ದರು. ಬಹಳ ಹೊತ್ತಿನಿಂದ ಬಡಿಯುತ್ತಿದ್ದರಂತೆ. ಗಡಿಯಾರ ನೋಡಿದರೆ ಒಂಬತ್ತೂವರೆ. ಎಪ್ಪತ್ತೊಂದರ ಹೆಂಗಸು ನಾನು, ವಾಚನಾಲಯ ತೆರೆಯುವುದನ್ನು ಮರೆತಿದ್ದೆ, ನನ್ನ ಕೆನ್ನೆ ಒದ್ದೆಯಾಗಿತ್ತು. ಅಷ್ಟು ಬೆಚ್ಚಿದ್ದು ನೆನಪಿಲ್ಲ. ಬಿರುಕಿನಲ್ಲಿ ಊರಿಲ್ಲ ಎಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೂ ಆ ಹುಡುಗಿ ಅಲ್ಲಿಂದ ಬರಿಗೈಯಲ್ಲಿ ಹೊರಡಬಾರದು ಎಂದು ಜೀವ ಹಿಡಿದುಕೊಂಡು ಕೂತಿದ್ದೆ.

ಹಾಗಿದ್ದರೆ ನೀಲವ್ವನಿಗೆ ಹೇಗಿತ್ತು, ಮಂಚದ ಮೇಲೆ — ಇದು ಆ ಕ್ಷಣದಲ್ಲೇ ಹೊಳೆಯಿತು. ಹೊಳೆದೂ ಎದ್ದು ಹೋಗಲಿಲ್ಲ. ಪುಸ್ತಕವನ್ನು ಮತ್ತೆ ಬೀರುವಿನಲ್ಲಿಟ್ಟೆ. ಶನಿವಾರ ಇನ್ನೂ ದೂರವಿತ್ತು.

ಆ ರವಿವಾರದಿಂದ ಹನ್ನೊಂದನೆಯ ದಿನ, ಗುರುವಾರ, ಮಿರಗದ ಮಳೆ, ಮೃಗಶಿರೆಯ ಮೊದಲ ಮಳೆ, ಹಿಡಿಯಿತು. ಅದೇ ದಿನ ಮಧ್ಯಾಹ್ನ ನೀಲವ್ವ ತೀರಿಕೊಂಡಳು.

ಮಾತನಾಡಿಸಲು ಹೋದೆ. ಫಕ್ಕೀರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು, ಅಳುತ್ತಿರಲಿಲ್ಲ. ಕೊನೆಯ ವಾರದ ಸುದ್ದಿ ತಾವಾಗಿಯೇ ಹೇಳಿದರು. ಎರಡನೇ ಭಾಗಕ್ಕೆ ಆಕೆ ಹ್ಞೂಂಗುಟ್ಟುವುದು ನಿಂತಿತ್ತಂತೆ, ಕೇಳಿ ಕೇಳಿ ಸಾಕಾಗಿತ್ತೇನೋ. ಪುಸ್ತಕವಂತೂ ಬರಲಿಲ್ಲ ಎಂದು ಮೂರನೆಯದನ್ನು ತಾವೇ ಕಟ್ಟಿ ಹೇಳಲು ನೋಡಿದ್ದರು.

“ಒಂದ ಹ್ಞೂಂ ಅನ್ನಲಿಲ್ರಿ. ಇದು ಪುಸ್ತಕದ್ದಲ್ಲ ಅಂತ ಆಕಿಗೆ ತಿಳೀತು. ಬಾಯಿ ಕಚ್ಚಿ ಹಿಡದ್ಲು. ನನಗ ಕತಿ ಕಟ್ಟಾಕ ಬರಲಿಲ್ರಿ ಅಕ್ಕೋರ. ಬಂದಿದ್ರ ನಾಲ್ಕ ದಿನ ಇರ್ತಿದ್ಲು.”

ನನ್ನ ತಪ್ಪನ್ನು ಆ ಮನುಷ್ಯ ತನ್ನ ತಲೆಯ ಮೇಲೆ ಹೊತ್ತು ಕೂತಿದ್ದರು. ಪುಸ್ತಕವಿದ್ದರೆ ನೀಲವ್ವ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಆದರೆ ಆ ಬಾಗಿಲು ದಾಟಿ ಹೊನ್ನಿ ಒಳಗೆ ಹೋದದ್ದನ್ನು ಕೇಳದೆ ಆಕೆ ಹೋದಳು. ಅದು ನನಗೆ ಗೊತ್ತು.

ಒಂಬತ್ತನೆಯ ದಿನ ಪುಸ್ತಕ ಒಯ್ದು ಅವರ ಮುಂದಿಟ್ಟೆ. ಹೊಸ ರಟ್ಟು ತೆಗೆದುಹಾಕಿದ್ದೆ. ಇದು ಮೊದಲಿನಿಂದಲೂ ನನ್ನ ಬಳಿ ಇತ್ತು, ಆ ತಾಯಂದಿರಿಗೆ ಮಾತು ಕೊಟ್ಟಿದ್ದೆ, ಅದಕ್ಕೇ ಸುಳ್ಳು ಹೇಳಿದೆ ಎಂದೆ. ಬೈಯುತ್ತಾರೆ ಎಂದು ಕಾದೆ. ಅವರು ಪುಸ್ತಕದ ಮೇಲೆ ಕೈಯಾಡಿಸಿದರು.

“ನಿಮಗೇನ ಗೊತ್ತಿತ್ರಿ, ಪಾಪ. ಮನ್ಯಾಗ ಹಿಂಗೈತಿ ಅಂತ ನಾನ ಬಾಯಿ ಬಿಟ್ಟ ಹೇಳಿರಲಿಲ್ಲ.”

ನನಗೇನು ಗೊತ್ತಿತ್ತು ಎಂದರು. ನಾನು ತಲೆ ತಗ್ಗಿಸಿ ಕೂತೆ. ತಲೆ ತಗ್ಗಿಸಿದ್ದು ಹೌದು ಎಂದಂತೆಯೇ ಆಯಿತು. ಆ ರವಿವಾರ ನಾನು ಅವರ ಮನೆಯೊಳಗೇ ನಿಂತಿದ್ದೆನಲ್ಲ, ನೋಡಿದ್ದೆನಲ್ಲ — ದುಃಖದಲ್ಲಿ ಅವರಿಗೆ ಅದು ಮರೆತಿತ್ತೋ, ಅಥವಾ ಆ ಹೊತ್ತಿಗೂ ನಾನು ಹಾಗೆ ಮಾಡಿಯೇನು ಎಂದು ಅವರ ಮನಸ್ಸಿಗೆ ಬರಲೇ ಇಲ್ಲವೋ. ನಾನು ನೆನಪು ಮಾಡಿಕೊಡಲಿಲ್ಲ. ಸಿಕ್ಕ ಕ್ಷಮೆಯನ್ನು ಹಿಡಿದುಕೊಂಡು ಮನೆಗೆ ಬಂದೆ. ಆ ದಿನ ಊಟವೂ ರುಚಿಸಿತು. ಇದನ್ನೂ ಬರೆಯಬೇಕು.

ಎರಡು ವರ್ಷ ಅವರು ಆ ಪುಸ್ತಕ ತೆರೆಯಲಿಲ್ಲ. ನಾನು ನಾಲ್ಕನೇ ನಿಯಮದ ಮೇಲೆ ಸುಣ್ಣ ಬಳಿಸಿದೆ. ಈ ಬೇಸಿಗೆಯಲ್ಲಿ ಒಂದು ಸಂಜೆ ಅವರು ಬಂದು, ಮೂರೂ ಭಾಗಗಳನ್ನು ಗಟ್ಟಿಯಾಗಿ ಓದಿ ಮುಗಿಸಬೇಕೆಂದಿದ್ದೇನೆ, ಮನೆಯಲ್ಲಿ ಒಬ್ಬನೇ ಓದಿದರೆ ಹ್ಞೂಂ ಅನ್ನುವವರಿಲ್ಲ ಎಂದರು. ದಿನಾ ನಾಲ್ಕಕ್ಕೆ ವಾಚನಾಲಯದಲ್ಲಿ ಓದು ಶುರುವಾಯಿತು. ಮೊದಲು ಐದಾರು ಮಕ್ಕಳು. ವಾರದಲ್ಲಿ ಪತ್ರಿಕೆ ಓದುವ ಗಂಡಸರು ಪತ್ರಿಕೆ ಮಡಚಿಟ್ಟು ಕೂತರು. ಆಮೇಲೆ ಓಲೆ ಕಳೆದುಕೊಂಡ ಆ ತಾಯಿಯೇ ಮೊರದಲ್ಲಿ ಮೆಣಸಿನಕಾಯಿ ಇಟ್ಟುಕೊಂಡು ಬಂದಳು. ತೊಟ್ಟು ಬಿಡಿಸುತ್ತ, “ನನ್ನ ವಾಲಿ ಯಾವ ಗಡಿಗ್ಯಾಗ ಇಟ್ಟಾರಂತ ಆ ಮುದುಕನ್ನ ಕೇಳ್ರಿ ಕಾಕಾ” ಎಂದು ಎಲ್ಲರನ್ನೂ ನಗಿಸಿದಳು. ಎಂಬತ್ತರ ಅಜ್ಜ, ಏಳರ ಹುಡುಗಿ, ಪಂಚಾಯತಿ ಸದಸ್ಯ. ಎಲ್ಲರೂ ಒಟ್ಟಿಗೆ ಹ್ಞೂಂ ಅಂದಾಗ ಕೋಣೆ ಗುಂಯ್ ಎನ್ನುತ್ತದೆ. ಅದು ಸುಳ್ಳು ಕಥೆ ಎಂದು ಅಲ್ಲಿ ಕೂತ ಏಳರ ಹುಡುಗಿಗೂ ಗೊತ್ತು. ಕಥೆ ಮೊದಲ ಪುಟದಲ್ಲೇ ತಾನು ಕಟ್ಟಿದ್ದೆಂದು ಹೇಳಿಕೊಂಡೇ ಒಳಗೆ ಕರೆಯುತ್ತದೆ. ಅದಕ್ಕೇ ಜನ ಅದನ್ನು ನಂಬಿ ಕೂರುತ್ತಾರೆ. ನನ್ನದು ಹಾಗೆ ಹೇಳಿಕೊಂಡ ಸುಳ್ಳಲ್ಲ.

ಮೊನ್ನೆ ಯಾರೋ ಮೂರನೇ ಭಾಗ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಫಕ್ಕೀರಪ್ಪನವರು ತಲೆ ಎತ್ತದೆ, “ಅಕ್ಕೋರ ಹುಡುಕಿ ಕೊಟ್ಟಾರ” ಎಂದು ಪುಟ ತಿರುಗಿಸಿದರು. ಎಲ್ಲರೂ ನನ್ನ ಕಡೆ ನೋಡಿ ಮೆಚ್ಚಿ ತಲೆಯಾಡಿಸಿದರು. ಅಷ್ಟು ಜನರ ನಡುವೆ ನನ್ನನ್ನು ಕಾಯ್ದರು. ಯಾರನ್ನು ಕಾಯುತ್ತಿದ್ದೇನೆ ಎಂದು ಪೂರ್ತಿ ತಿಳಿಯದೆ ಕಾಯ್ದರು.

ಫಕ್ಕೀರಪ್ಪನವರೇ, ಇನ್ನು ಒಂದೇ ಅಧ್ಯಾಯ ಉಳಿದಿದೆ. ನಾಳೆ ನಾಲ್ಕಕ್ಕೆ ನೀವು ಅದನ್ನು ಓದುತ್ತೀರಿ. ಅದಕ್ಕೂ ಮೊದಲು ಈ ಕಾಗದಗಳನ್ನು ನಾನು ನಿಮ್ಮ ಮನೆಗೆ ತಂದು ಕೈಯಲ್ಲಿ ಕೊಡುತ್ತೇನೆ, ನೀವು ಓದಿ ಮುಗಿಸುವವರೆಗೆ ಎದುರಿಗೇ ಕೂರುತ್ತೇನೆ. ಆಮೇಲೆ ನೀವು ವಾಚನಾಲಯಕ್ಕೆ ಬರುವುದೋ ಬಿಡುವುದೋ, ಮಂದಿಗೆ ಹೇಳುವುದೋ ಬಿಡುವುದೋ ನಿಮಗೆ ಸೇರಿದ್ದು. ಕತಿ ಕಟ್ಟಾಕ ಬರಲಿಲ್ಲ ಎಂದು ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬೀರುವಿಗೆ ಕೀಲಿ ಹಾಕಿದ್ದವಳು ನಾನು. ನಿಮಗೇನು ಗೊತ್ತಿತ್ತು ಎಂದು ಅಂದು ಕೇಳಿದಿರಿ.

ನನಗೆ ಗೊತ್ತಿತ್ತು.